ಒದ್ದೆ ಕೈಗೆ ಕೊಡುವ ಗಂಟು

ನಮ್ಮಪ್ಪ ಕೆರೆಗೆ ಮುಳುಗುವ ಮೊದಲು ಮೈಮೇಲಿನದನ್ನೆಲ್ಲ ಬಿಚ್ಚುತ್ತಿದ್ದ. ಸೊಂಟದ ಬೆಳ್ಳಿ ಉಡಿದಾರ, ಬೆರಳಿನ ಉಂಗುರ, ತೋಳಿನ ತಾಯಿತ. ಮೂರನ್ನೂ ಟವೆಲಿನ ಮೂಲೆಗೆ ಗಂಟು ಹಾಕಿ, ಏರಿಯ ಮೇಲೆ ನಿಂತಿದ್ದ ನನ್ನ ಕೈಗೆ ಕೊಡುತ್ತಿದ್ದ. ಕೊಡುವಾಗ ಮಾತಾಡುತ್ತಿರಲಿಲ್ಲ. ಎದ್ದು ಬಂದ ಮೇಲೆ, ಮೈಯಿಂದ ಇನ್ನೂ ನೀರು ಇಳಿಯುತ್ತಿರುವಾಗಲೇ, ಒದ್ದೆ ಕೈ ಚಾಚಿ "ಕೊಡವ್ವಾ" ಎನ್ನುತ್ತಿದ್ದ. ಆಗ ಮಾತ್ರ ಕೊಡಬೇಕು. ಬೇರೆ ಯಾರು ಕೇಳಿದರೂ ಕೊಡಬಾರದು, ನೆಲದ ಮೇಲೆ ಇಡಬಾರದು, ಒಣ ಕೈಗೆ ಕೊಡಬಾರದು. ಇದು ನಮ್ಮ ಮನೆಯ ಕಟ್ಟಳೆ.

ನಮ್ಮದು ಗುಬ್ಬಿ ತಾಲೂಕಿನಲ್ಲಿ ಕಡಬದ ಪಕ್ಕದ ಒಂದು ಸಣ್ಣ ಊರು. ಅಪ್ಪ ಅಲ್ಲಿನ ನೀರಗಂಟಿ. ಯಾವ ಗದ್ದೆಗೆ ಎಷ್ಟು ಹೊತ್ತು ನೀರು ಬಿಡಬೇಕು ಎಂದು ನೋಡಿಕೊಳ್ಳುವುದು ಅವನ ಕೆಲಸ. ನಮ್ಮ ಕೆರೆಯ ತೂಬು ಹಳೇ ಕಾಲದ್ದು, ನೀರಿನ ತಳದಲ್ಲಿ ಕಲ್ಲಿನಲ್ಲೊಂದು ತೂತು, ಅದಕ್ಕೆ ಬಡಿದ ಮರದ ಗೂಟ. ಕೆರೆ ತುಂಬಿದ ವರ್ಷ ಹೂಳೂ ಕಸಕಡ್ಡಿಯೂ ಆ ಬಾಯಿಗೆ ಬಂದು ಕಚ್ಚಿಕೊಳ್ಳುತ್ತಿದ್ದವು. ಆಗ ಯಾರಾದರೂ ಒಬ್ಬರು ಸೊಂಟಕ್ಕೆ ಹಗ್ಗ ಬಿಗಿದು, ಉಸಿರು ಕಟ್ಟಿ ಕೆಳಗಿಳಿದು, ಕತ್ತಲಲ್ಲಿ ಕೈಯಾಡಿಸಿ ಅದನ್ನು ಬಿಡಿಸಬೇಕು. ಗೂಟ ಸಡಿಲವಾದ ಕ್ಷಣ ನೀರು ಸೆಳೆಯುತ್ತದೆ. ಉಡಿದಾರವೋ ಉಂಗುರವೋ ಗೂಟದ ಕಬ್ಬಿಣದ ಬಳೆಗೆ ಸಿಕ್ಕಿಕೊಂಡರೆ ಮೇಲೆ ಬರುವ ಮಾತಿಲ್ಲ. ಬಿಚ್ಚಿಡುವುದು ಅದಕ್ಕೆ.

ನಮ್ಮ ತಾತ ಎಲ್ಲವನ್ನೂ ಬಿಚ್ಚಿಟ್ಟೇ ಇಳಿದಿದ್ದನಂತೆ. ಆದರೂ ಮೇಲೆ ಬರಲಿಲ್ಲ. ಅಪ್ಪನಿಗೆ ಆಗ ಹನ್ನೆರಡು ವರ್ಷ. ದಡದಲ್ಲಿ ಹಗ್ಗ ಹಿಡಿದಿದ್ದವನು ಗಂಟನ್ನು ಮನೆಗೆ ತಂದಾಗ ಅಜ್ಜಿ ರಾಗಿ ಬೀಸುತ್ತ ಕೂತಿದ್ದಳು. ಇನ್ನೊಬ್ಬರ ಕೈಯಲ್ಲಿ ಗಂಡನ ಗಂಟನ್ನು ನೋಡಿದ್ದೇ ಬೀಸುವುದನ್ನು ನಿಲ್ಲಿಸಿದಳಂತೆ. ಬಂದವನು ಬಾಯಿ ಬಿಡಲಿಲ್ಲ, ಕೊಟ್ಟ ನೀರನ್ನೂ ಮುಟ್ಟಲಿಲ್ಲ. ಸಾವಿನ ಸುದ್ದಿ ತಂದವರು ಆ ಮನೆಯಲ್ಲಿ ನೀರು ಕುಡಿಯುವುದಿಲ್ಲ. ಬೇರೆಯವರ ಕೈಯಲ್ಲಿ ಗಂಟು ಬಂದರೆ ಅದರ ಅರ್ಥ ಒಂದೇ ಎಂದು ನಮಗೆ ಯಾರೂ ಕೂರಿಸಿಕೊಂಡು ಹೇಳಿಕೊಟ್ಟಿಲ್ಲ. ಹುಟ್ಟುತ್ತಲೇ ಗೊತ್ತಿತ್ತು.

ಎಪ್ಪತ್ತರ ದಶಕದುದ್ದಕ್ಕೂ ಆ ಗಂಟು ಹಿಡಿಯುವ ಕೆಲಸ ನನ್ನದಾಗಿತ್ತು. ತಮ್ಮ ನನಗಿಂತ ಆರು ವರ್ಷ ಚಿಕ್ಕವನು. ನನಗೆ ಆ ಕೆಲಸ ಕಂಡರೆ ಆಗುತ್ತಿರಲಿಲ್ಲ. ನೀರಿನ ಮೇಲೆ ಏಳುವ ಗುಳ್ಳೆಗಳನ್ನೇ ನೋಡುತ್ತ, ಮನಸ್ಸಿನಲ್ಲಿ ಎಣಿಸುತ್ತ, ಅಪ್ಪನನ್ನೂ ಕೆರೆಯನ್ನೂ ಊರಿನವರನ್ನೂ ಸಮವಾಗಿ ಬೈಯುತ್ತ ನಿಂತಿರುತ್ತಿದ್ದೆ. ಅಪ್ಪನ ತಲೆ ಕಾಣಿಸಿದ ಕೂಡಲೇ ಬೈಗುಳವೆಲ್ಲ ಮರೆತುಹೋಗುತ್ತಿತ್ತು. ನಮ್ಮ ಮನೆಯಲ್ಲಿ ನನ್ನದು ಉರಿ ಬಾಯಿ ಅಂತ ಹೆಸರು. ಅದು ಶುರುವಾದದ್ದು ಆ ಏರಿಯ ಮೇಲೆಯೇ ಇರಬೇಕು.

ಎಂಬತ್ತರ ದಶಕದ ಹೊತ್ತಿಗೆ ನನಗೆ ತುಮಕೂರಿನ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಕೆಲಸ ಸಿಕ್ಕಿ, ಅಲ್ಲೇ ಒಂದು ರೂಮು ಮಾಡಿಕೊಂಡಿದ್ದೆ. ತಮ್ಮ ನನ್ನ ರೂಮಿನಲ್ಲಿದ್ದುಕೊಂಡೇ ಬಿ.ಎಸ್ಸಿ., ಬಿ.ಎಡ್. ಮುಗಿಸಿದ. ಇನ್ನು ಕೆರೆಗೆ ಮುಳುಗುವ ಪಾಳಿ ನಮ್ಮ ಮನೆಯಿಂದ ತಪ್ಪಿತು ಅಂದುಕೊಂಡು ನಾನು ನಿಟ್ಟುಸಿರು ಬಿಟ್ಟೆ. ಅವನೋ ಪೇಪರಿನಲ್ಲಿ ಬಂದ ಜಾಹೀರಾತು ನೋಡಿ, ಇಂಟರ್‌ವ್ಯೂಗೆ ಹೋಗಿ, ಮಾಲ್ಡೀವ್ಸ್ ದೇಶದಲ್ಲಿ ಲೆಕ್ಕದ ಮೇಷ್ಟ್ರ ಕೆಲಸ ಹಿಡಿದುಬಿಟ್ಟ. ಲೈಬ್ರರಿಗೆ ಹೋಗಿ ಅಟ್ಲಾಸ್ ತೆಗೆಸಿ ನೋಡಿದೆ. ಆ ದೇಶ ಇರುವ ಕಡೆ ಬರೀ ನೀಲಿ, ಅದರಲ್ಲಿ ಸಾಸಿವೆ ಚೆಲ್ಲಿದಂತೆ ಚುಕ್ಕಿಗಳು. ಸಾವಿರಕ್ಕೂ ಮೀರಿದ ದ್ವೀಪಗಳಂತೆ. ಕೆರೆ ತಪ್ಪಿಸಿಕೊಂಡವನು ಸಮುದ್ರಕ್ಕೇ ಹೋಗಿ ಕೂತಿದ್ದ.

ಊರಿಗೆ ಬಂದವಳು ನೀರಿಗೆ ಬರದೇ ಇರುತ್ತಾಳೆಯೇ? ಆರು ತಿಂಗಳಲ್ಲಿ ಇವನೂ ನೀರಿಗೆ ಇಳಿದ. ಅವನಿದ್ದ ದ್ವೀಪದ ಎದುರಿಗೆ ಇನ್ನೊಂದು ದ್ವೀಪ, ಅದರ ತುಂಬ ಒಂದೇ ಹೋಟೆಲು. ಅಲ್ಲಿ ಫಾರಿನ್ನಿನವರಿಗೆ ಮುಳುಗುವುದನ್ನು ಕಲಿಸುವ ಒಬ್ಬ ಜರ್ಮನ್ ಇದ್ದ. ಒಂದು ದಿನ ಆ ಜರ್ಮನ್ನನ ದೋಣಿಯ ಲಂಗರು ಕೆಳಗೆ ಹವಳದ ಬಂಡೆಗೆ ಸಿಕ್ಕಿಹಾಕಿಕೊಂಡಿತು. ದಡದಲ್ಲಿದ್ದ ನಮ್ಮ ಮೇಷ್ಟ್ರು ಪಂಚೆ ಕಟ್ಟಿ ಉಸಿರು ಹಿಡಿದು ಇಳಿದು ಬಿಡಿಸಿಕೊಟ್ಟ. ಎಲ್ಲಿ ಕಲಿತೆ ಅಂತ ಜರ್ಮನ್ ಕೇಳಿದನಂತೆ. ನಮ್ಮಪ್ಪನ ಕೆರೆಯಲ್ಲಿ ಅಂದನಂತೆ. ಅಂದಿನಿಂದ ಬೆನ್ನಿಗೆ ಗಾಳಿಯ ಸಿಲಿಂಡರು ಕಟ್ಟಿಕೊಂಡು ಮುಳುಗುವ ವಿದ್ಯೆಯನ್ನು ಪುಕ್ಕಟೆಯಾಗಿ ಹೇಳಿಕೊಟ್ಟ. ಪುಕ್ಕಟೆ ಸಿಕ್ಕರೆ ನನಗೂ ಇರಲಿ ನಮ್ಮಪ್ಪನಿಗೂ ಇರಲಿ ಎನ್ನುವ ಜಾತಿ ನನ್ನ ತಮ್ಮ. ಸ್ಕೂಲಿಗೆ ರಜೆ ಬಂದಾಗಲೆಲ್ಲ ಆ ಜರ್ಮನ್ನನು ಪ್ರವಾಸಿಗಳನ್ನು ಕರೆದುಕೊಂಡು ದೇಶ ಸುತ್ತುವ ದೋಣಿಯಲ್ಲಿ ಸಿಲಿಂಡರು ಹೊರುವ ಕೆಲಸಕ್ಕೆ ಹೋಗತೊಡಗಿದ.

ಕಾಗದಗಳು ನನ್ನ ರೂಮಿಗೆ ಬರುತ್ತಿದ್ದವು, ತಿಂಗಳು ತಡವಾಗಿ. ಭಾನುವಾರ ಊರಿಗೆ ಹೋಗಿ ಅಪ್ಪನಿಗೆ ಓದಿ ಹೇಳುತ್ತಿದ್ದೆ. ಅಪ್ಪನಿಗೆ ಅಕ್ಷರ ಬರುತ್ತಿರಲಿಲ್ಲ, ಆದರೆ ನೀರಿನ ವಿಷಯದಲ್ಲಿ ಅವನು ನಮ್ಮೆಲ್ಲರಿಗೂ ಮೇಷ್ಟ್ರು. ಆರಿ ಎಂಬ ಕಡೆ ಬಸ್ಸಿನಷ್ಟು ಉದ್ದದ, ಮೈತುಂಬ ಚುಕ್ಕಿಯಿರುವ ಮೀನು ಪಕ್ಕದಲ್ಲೇ ಈಜಿಕೊಂಡು ಹೋಯಿತು ಎಂದು ಓದಿದರೆ, ಮೀನು ಬಿಡು, ಆಳ ಎಷ್ಟು ಅಂತ ಬರೆದಿದ್ದಾನಾ ಎನ್ನುತ್ತಿದ್ದ. ಬಾ ಎಂಬ ಕಡೆ ಚಾಪೆ ಹಾಸಿದಷ್ಟು ಅಗಲದ ಮೀನುಗಳು ಗುಂಪುಗುಂಪಾಗಿ ಬಂದು ಸುತ್ತು ಹೊಡೆಯುತ್ತವೆ ಎಂದರೆ, ತಳ ಕಾಣುತ್ತದಾ, ಹೂಳು ಎದ್ದು ಕಣ್ಣಿಗೆ ಅಡ್ಡ ಬರುವುದಿಲ್ಲವಾ ಎಂದು ಕೇಳುತ್ತಿದ್ದ. ಹೂಳೇ ಇಲ್ಲ, ನೂರಡಿ ದೂರದ ಬಂಡೆ ಕಾಣುತ್ತದೆ ಎಂದು ಓದಿದಾಗ ಅಪ್ಪ ತನ್ನ ಅಂಗೈ ತಿರುಗಿಸಿ ನೋಡಿಕೊಂಡ. ಹುಟ್ಟಿದಾಗಿನಿಂದ ಕತ್ತಲಲ್ಲಿ ಕೈಯಾಡಿಸಿದವನಿಗೆ ಅದು ನಂಬುವ ಮಾತಾಗಿರಲಿಲ್ಲ.

ಅವನಿಗೆ ಬಗೆಹರಿಯದೆ ಉಳಿದ ಪ್ರಶ್ನೆ ಒಂದೇ. ಅಲ್ಲಿ ಮುಳುಗುವವರಿಗೆ ಹಗ್ಗವಿಲ್ಲ, ಇಬ್ಬಿಬ್ಬರು ಜೋಡಿಯಾಗಿ ಇಳಿಯುತ್ತಾರೆ, ಒಬ್ಬರನ್ನೊಬ್ಬರು ನೋಡಿಕೊಳ್ಳುತ್ತಾರೆ ಎಂದು ತಮ್ಮ ಬರೆದಿದ್ದ.

"ಇಬ್ರೂ ಒಳಗೇ ಇದ್ರೆ ದಡದಲ್ಲಿ ಯಾರವ್ವಾ ಇರ್ತಾರೆ?" ಎಂದ ಅಪ್ಪ.

ಅದನ್ನೇ ನಾನು ಬರೆದು ಕೇಳಿದೆ. ಎರಡು ತಿಂಗಳ ಮೇಲೆ ಉತ್ತರ ಬಂತು. ಮೇಲೆ ದೋಣಿಯಲ್ಲಿ ಒಬ್ಬ ಕೂತಿರುತ್ತಾನೆ, ನೀರಿನ ಮೇಲೆ ಏಳುವ ಗುಳ್ಳೆಗಳನ್ನು ನೋಡುತ್ತ ಗುಳ್ಳೆ ಹೋದ ಕಡೆಗೇ ದೋಣಿ ಒಯ್ಯುತ್ತಾನೆ, ಇಲ್ಲಿಯೂ ದೋಣಿಗೆ ದೋಣಿ ಅಂತಲೇ ಹೇಳುತ್ತಾರೆ. ಅಪ್ಪ ಅದನ್ನು ಎರಡು ಸಲ ಓದಿಸಿದ. ಗುಳ್ಳೆ ನೋಡುವವನು ಒಬ್ಬನಿದ್ದಾನೆ ಎಂದಮೇಲೆ ಆ ದೇಶದ ಮೇಲೆ ಅವನಿಗೆ ಕೊಂಚ ನಂಬಿಕೆ ಬಂತು.

ಇಷ್ಟೆಲ್ಲ ಆಗಿ ಒಂದು ಶನಿವಾರ. ಅವ್ವ ಹಿಂದಿನ ದಿನವೇ ಊರಿನಿಂದ ಬಂದು ನನ್ನ ರೂಮಿನಲ್ಲಿ ಉಳಿದಿದ್ದಳು. ಸಮುದ್ರ ದಾಟಿದ ಮಗ ಕ್ಷೇಮವಾಗಿರಲಿ ಎಂದು ದೇವರಾಯನದುರ್ಗದ ನರಸಿಂಹಸ್ವಾಮಿಗೆ ಹರಕೆ ಹೊತ್ತಿದ್ದಳು, ಅದನ್ನು ತೀರಿಸಲು ಬೆಳಿಗ್ಗೆಯೇ ಪಕ್ಕದ ಮನೆಯವರ ಜೊತೆ ಬಸ್ಸು ಹತ್ತಿದಳು. ಸಂಜೆಗೆ ವಾಪಸು ಬರುವವಳಿದ್ದಳು. ನನಗೆ ಮಧ್ಯಾಹ್ನದ ಡ್ಯೂಟಿ. ಹತ್ತು ಗಂಟೆಗೆ ತಲೆ ಒರೆಸಿಕೊಳ್ಳುತ್ತ ಬಾಗಿಲು ತೆಗೆದರೆ ಅಪ್ಪ ನಿಂತಿದ್ದ. ವರ್ಷಕ್ಕೊಂದು ಸಲವೂ ತುಮಕೂರಿಗೆ ಬರದ ಅಪ್ಪ. ಕೈಯಲ್ಲಿ ಒಂದು ಹಳೇ ಟವೆಲಿನ ಗಂಟು.

"ಗಂಟು ಬಂತು ಕಣವ್ವಾ," ಎಂದ.

ಯಾರದ್ದು ಎಂದು ನಾನು ಕೇಳಲಿಲ್ಲ. ಅಪ್ಪ ಬಾಗಿಲಲ್ಲೇ ನಿಂತು ಹೇಳಿದ. ಬೆಳಿಗ್ಗೆ ಮೊದಲ ಬಸ್ಸಿಗೆ ಯಾರೋ ಒಬ್ಬರು ಊರಿಗೆ ಬಂದರಂತೆ. ಕುಣಿಗಲ್ಲಿನವರಂತೆ. ಮಾಲ್ಡೀವ್ಸಿನಿಂದ ಬಂದಿದೆ, ನಿಮ್ಮ ಮಗನದಂತೆ, ಮನೆಗೆ ತಲುಪಿಸಿ ಎಂದಿದ್ದಾರೆ ಎಂದಷ್ಟೇ ಹೇಳಿ ಗಂಟು ಕೊಟ್ಟರಂತೆ. ಅಪ್ಪ ನೀರು ತಂದುಕೊಟ್ಟರೆ ಬೇಡ ಅಂದು, ಅದೇ ಬಸ್ಸು ತಿರುಗಿ ಬರುವುದರೊಳಗೆ ಹೋಗಿ ನಿಂತುಬಿಟ್ಟರಂತೆ. ಇಷ್ಟು ಹೇಳುವ ಹೊತ್ತಿಗೆ ಅಪ್ಪನ ಗಂಟಲು ಒಣಗಿತ್ತು. ನಾನು ಲೋಟದಲ್ಲಿ ನೀರು ಕೊಟ್ಟೆ. ಅವನೂ ಬೇಡ ಅಂದ. ಆಗ ನಾನು ಅಲ್ಲೇ ಕೂತೆ.

ಗಂಟು ಬಿಚ್ಚಿದೆ. ಬೆಳ್ಳಿ ಉಡಿದಾರ, ಕರ್ರಗೆ ಕಪ್ಪಾಗಿತ್ತು. ಅಪ್ಪ ಹೋಗುವಾಗ ಹಾಕಿ ಕಳಿಸಿದ್ದ ಉಂಗುರ. ಕೆಲಸ ಸಿಕ್ಕ ಖುಷಿಗೆ ನಾನು ಕೊಡಿಸಿದ್ದ ಕೈಗಡಿಯಾರ, ನಮ್ಮ ತುಮಕೂರಿನ ಕಾರ್ಖಾನೆಯದೇ. ಅದು ನಾಲ್ಕೂ ಇಪ್ಪತ್ತಕ್ಕೆ ನಿಂತಿತ್ತು. ಗಾಜಿನೊಳಗೆ ಮಂಜು ಕಟ್ಟಿತ್ತು.

ಅಪ್ಪ ಬಗ್ಗಿ ನೋಡಿ, "ಒಳಿಕ್ಕೆ ನೀರು ನುಗ್ಗೈತೆ," ಎಂದ.

ಕಾಗದವಿಲ್ಲ, ಚೀಟಿಯಿಲ್ಲ. ನಾನು ಬುದ್ಧಿ ಉಪಯೋಗಿಸಲು ನೋಡಿದೆ. ಏನಾದರೂ ಆಗಿದ್ದರೆ ಸರ್ಕಾರದವರು ತಂತಿ ಕಳಿಸುತ್ತಿದ್ದರು, ಎಂಬಸಿಯವರು ತಿಳಿಸುತ್ತಿದ್ದರು, ಹೀಗೆ ಟವೆಲಿನಲ್ಲಿ ಕಟ್ಟಿ ಕಳಿಸುತ್ತಾರಾ ಎಂದು ಅಪ್ಪನಿಗೆ ಹೇಳಿದೆ.

"ನಿಮ್ ತಾತಂಗೆ ಯಾವ ತಂತಿ ಬಂದಿತ್ತವ್ವಾ?" ಎಂದ.

ಅಪ್ಪನನ್ನು ಕರೆದುಕೊಂಡು ಎಕ್ಸ್‌ಚೇಂಜಿಗೆ ಓಡಿದೆ. ಜೊತೆಯ ಆಪರೇಟರು ಬಾಂಬೆಯ ಲೈನು ಹಿಡಿದಳು. ಮಾಲ್ಡೀವ್ಸಿನ ರಾಜಧಾನಿ ಮಾಲೆಗೆ ಈಗ ಲೈನು ಇಲ್ಲ, ಬುಕ್ ಮಾಡಿ, ಸೋಮವಾರ ನೋಡೋಣ ಎಂದರು. ಸಿಕ್ಕರೂ ಮಾಲೆಗೆ ಮಾತ್ರ. ಇವನಿದ್ದ ದ್ವೀಪದಲ್ಲಿ ಫೋನಿಲ್ಲ, ಮಾಲೆಯಿಂದ ರೇಡಿಯೋ ಸೆಟ್ಟಿನಲ್ಲಿ ಮಾತಾಡಬೇಕು. ಆರೇಳು ವರ್ಷದಿಂದ ತುಮಕೂರಿನ ಸಮಸ್ತರಿಗೂ "ಲೈನ್ ಬಿಜಿ, ವೇಟ್ ಮಾಡಿ" ಎಂದು ಗದರುತ್ತಿದ್ದವಳು ನಾನು. ಆವತ್ತು ಆ ಮಾತು ಕೇಳಿಸಿಕೊಳ್ಳುವುದು ಹೇಗಿರುತ್ತದೆಂದು ತಿಳಿಯಿತು.

ಸಂಜೆಗೆ ಅವ್ವ ಬೆಟ್ಟದಿಂದ ಬರುತ್ತಾಳೆ. ಮಗನ ಹೆಸರಿನಲ್ಲಿ ಅರ್ಚನೆ ಮಾಡಿಸಿ, ಪ್ರಸಾದ ಹಿಡಿದುಕೊಂಡು. ಅಷ್ಟರೊಳಗೆ ನಮಗೆ ನಿಜ ಗೊತ್ತಾಗಬೇಕಿತ್ತು. ಗಂಟು ತಂದವರು ಕುಣಿಗಲ್ಲಿನವರು ಎಂಬುದೊಂದೇ ನಮ್ಮ ಕೈಯಲ್ಲಿದ್ದ ಎಳೆ. ತನ್ನ ಸ್ಕೂಲಿನಲ್ಲಿ ಕುಣಿಗಲ್ಲಿನ ಮೇಷ್ಟ್ರು ಒಬ್ಬರಿದ್ದಾರೆ, ಅವರ ಮನೆ ದೊಡ್ಡಕೆರೆಯ ಹತ್ತಿರವಂತೆ, ಇಬ್ಬರೂ ಕೆರೆಯವರು ಸಮುದ್ರಕ್ಕೆ ಬಿದ್ದಿದ್ದೇವೆ ಎಂದು ತಮ್ಮ ಒಮ್ಮೆ ಬರೆದಿದ್ದ. ಡ್ಯೂಟಿಗೆ ರಜೆ ಹೇಳಿ ಅಪ್ಪನೊಡನೆ ಕುಣಿಗಲ್ ಬಸ್ಸು ಹತ್ತಿದೆ.

ಹೆಬ್ಬೂರು ದಾಟಿತು. ಆಮೇಲೆ ಅಪ್ಪ ಕೊನೆಯ ಕಾಗದ ಇದೆಯಾ ಎಂದು ಕೇಳಿದ. ಬ್ಯಾಗಿನಲ್ಲಿತ್ತು. ಫೆಲಿಧು ಎಂಬ ಕಡೆ ಹೋಗಿದ್ದರ ವರ್ಣನೆ. ಅಲ್ಲಿ ಎರಡು ದಿಬ್ಬಗಳ ನಡುವಿನ ಸಂದಿನಲ್ಲಿ ಸಮುದ್ರ ಒಳನುಗ್ಗುತ್ತದೆ, ಆ ಸೆಳೆತದಲ್ಲಿ ಕಾಲು ಆಡಿಸುವುದೇ ಬೇಡ, ನೀರೇ ಹೊತ್ತುಕೊಂಡು ಹೋಗುತ್ತದೆ, ಸಂದಿನ ಬಾಯಲ್ಲಿ ದೊಡ್ಡ ಮೀನುಗಳು ಕಾದು ನಿಂತಿರುತ್ತವೆ. ಮುಂದಿನ ರಜೆಗೆ ದಕ್ಷಿಣದ ತುದಿಯ ಆಡ್ಡುವಿಗೆ ಹೋಗುತ್ತೇವೆ, ಯುದ್ಧದ ಕಾಲದ ಹಡಗೊಂದು ಅಲ್ಲಿ ಮುಳುಗಿ ಕೂತಿದೆ, ಅದರೊಳಗೂ ಹೋಗಬಹುದಂತೆ. ಬಸ್ಸಿನ ಸದ್ದಿಗೆ ಗಟ್ಟಿಯಾಗಿ ಓದಬೇಕಾಯಿತು. ಮುಂದಿನ ಸೀಟಿನವರು ತಿರುಗಿ ನೋಡಿದರು. ತಿಂಗಳ ಹಿಂದೆ ಇದೇ ಕಾಗದವನ್ನು ನಗುತ್ತ ಓದಿದ್ದೆ. ಅಪ್ಪ ಕಣ್ಣು ಮುಚ್ಚಿಕೊಂಡು ಕೇಳಿದ. ಅವನು ಆ ಜಾಗಗಳನ್ನು ಒಂದೊಂದಾಗಿ ಅಳೆಯುತ್ತಿದ್ದ, ಯಾವುದು ಮಗನನ್ನು ಹಿಡಿದುಕೊಂಡಿರಬಹುದು ಎಂದು.

"ಸೆಳೆತ ಇದ್ರೆ ದಾರಿ ಸಿಕ್ಕುತ್ತೆ. ಹಡಗಿನೊಳಿಕ್ಕೆ ಹೋಗಬಾರ್ದಿತ್ತು," ಎಂದ ಕೊನೆಗೆ. ನಾನು ಕಿಟಕಿಯ ಕಡೆ ಮುಖ ಮಾಡಿಕೊಂಡು ಅತ್ತೆ.

ಕುಣಿಗಲ್ಲಿನ ಬಸ್ ಸ್ಟ್ಯಾಂಡಿನಲ್ಲಿ ಮಾಲ್ಡೀವ್ಸ್ ಮೇಷ್ಟ್ರ ಮನೆ ಎಂದರೆ ಎಲ್ಲರಿಗೂ ಗೊತ್ತಿತ್ತು. ಬಿಸಿಲಲ್ಲಿ ಅಪ್ಪ ನನಗಿಂತ ಮುಂದೆ ನಡೆದ. ಕೆರೆಯ ಏರಿ ಕಾಣುವ ಬೀದಿಯಲ್ಲಿ ಹೆಂಚಿನ ಮನೆ. ಬಾಗಿಲು ತಟ್ಟಿದೆ. ಬಂದವರು ನಮ್ಮವ್ವನ ವಯಸ್ಸಿನ ಹೆಂಗಸು, ಮೇಷ್ಟ್ರ ತಾಯಿ. ನಾನು ತಮ್ಮನ ಹೆಸರು ಹೇಳಿ, ಅವನ ಅಕ್ಕ, ಇವರು ಅಪ್ಪ, ಬೆಳಿಗ್ಗೆ ಗಂಟು ಬಂತು ಎಂದೆ. ಆಕೆಯ ಮುಖ ಕಪ್ಪಿಟ್ಟಿತು. ಸೆರಗು ಬಾಯಿಗೆ ಹೋಯಿತು. ಅದನ್ನು ನೋಡಿ ನಾನು ಬಾಗಿಲ ಚೌಕಟ್ಟು ಹಿಡಿದುಕೊಂಡೆ.

"ಡಬ್ಬಿ ಕೇಳಾಕ್ ಬಂದ್ರಾ ತಾಯಿ?" ಎಂದರು. "ಕೊಟ್ಬುಡ್ತೀನಿ. ಚೆಂದಾಗಿತ್ತು ಅಂತ ಮಡೀಕೊಂಡೆ. ತಪ್ಪು ನಂದೇ."

ನಮಗೆ ಏನೂ ತಿಳಿಯಲಿಲ್ಲ. ಒಳಗಿನಿಂದ ಗಂಡಸಿನ ದನಿ, ಯಾರವ್ವಾ ಅಂತ ಕೇಳಿತು. ಆಕೆ ಹೇಳಿದ ಮೇಲೆ ಆ ದನಿ ಜೋರಾಯಿತು. ಒಳಗೆ ಹೋದೆವು. ಮೇಷ್ಟ್ರು ಮಂಚದ ಮೇಲೆ ಎದ್ದು ಕೂತರು. ಕಣ್ಣು ಅರಿಶಿನ ಬಳಿದ ಹಾಗೆ ಹಳದಿ, ರಜೆ ಹಾಕಿ ಊರಿಗೆ ಬಂದಿಳಿದ ಮಾರನೇ ದಿನವೇ ಕಾಮಾಲೆ ಹಿಡಿದಿತ್ತಂತೆ. ಆದರೂ ನಮ್ಮನ್ನು ನೋಡಿ ಮುಖ ಅರಳಿತು. ತಾನು ಹೊರಟ ದಿನ ನಮ್ಮ ಹುಡುಗ ದೋಣಿಯವರೆಗೂ ಬಂದು ತನ್ನ ಟ್ರಂಕು ಹೊತ್ತ, ಆವತ್ತಿನ ಮೀನೂಟ ಅವನದೇ ಅಡುಗೆ ಎಂದು ಒಂದೇ ಉಸಿರಿಗೆ ಹೇಳತೊಡಗಿದರು.

ಅಪ್ಪ ಅವರ ಮಾತನ್ನು ಅರ್ಧಕ್ಕೆ ತಡೆದ. "ಇದನ್ನ ಅವನೇ ಕೊಟ್ಟನಾ ಸ್ವಾಮಿ? ಅವನ ಕೈಯಾರೆ?"

"ಇನ್ಯಾರು ಕೊಡ್ತಾರೆ ಯಜಮಾನ್ರೇ? ಅವ್ನೇ ಡಬ್ಬೀಲಿ ಹಾಕಿ ಕೊಟ್ಟ. ವಾಚು ರಿಪೇರಿಗೆ ಅಂತ."

ಅಪ್ಪ ನೆಲದ ಮೇಲೆ ಕೂತ. ಗೋಡೆಗೆ ಒರಗಿದ. ಆ ತಾಯಿಯ ಕಡೆ ನೋಡಿ, "ಒಂದು ಚೊಂಬು ನೀರು ಕೊಡ್ತೀರಾ ತಾಯಿ," ಎಂದ.

ಆಕೆ ತಂದ ಚೊಂಬನ್ನು ಎರಡೂ ಕೈಯಲ್ಲಿ ಹಿಡಿದು ಎತ್ತಿ ಕುಡಿದ. ಗಂಟಲು ಗಟಗಟ ಅನ್ನುತ್ತಿತ್ತು, ಅರ್ಧ ನೀರು ಎದೆಯ ಮೇಲೆ ಚೆಲ್ಲಿತು. ಇನ್ನೊಂದು ಚೊಂಬು ಕೇಳಿದ. ಹೋದ ಜೀವ ಬರುವುದು ಎಂದರೇನೆಂದು ನಾನು ಕಣ್ಣಾರೆ ಕಂಡದ್ದು ಆ ಮನೆಯಲ್ಲಿ.

ಆಮೇಲೆ ಡಬ್ಬಿಯ ಕತೆ ಹೊರಬಿತ್ತು. ಆ ಜರ್ಮನ್ನನ ಟಾರ್ಚು ಬಂದಿದ್ದ ಡಬ್ಬಿ ಅದು, ಗಟ್ಟಿ ಪ್ಲಾಸ್ಟಿಕ್ಕಿನದು, ಮುಚ್ಚಳ ಒತ್ತಿದರೆ ಒಂದು ಹನಿ ನೀರು ಒಳಗೆ ಹೋಗದು. ತಮ್ಮ ಅದರಲ್ಲಿ ತನ್ನ ವಸ್ತುಗಳನ್ನಿಟ್ಟು, ಮೇಲೊಂದು ಕಾಗದ ಮಡಿಸಿಟ್ಟು ಕೊಟ್ಟಿದ್ದ. ಮೇಷ್ಟ್ರು ಹಾಸಿಗೆ ಹಿಡಿದಿದ್ದರಿಂದ ತಲುಪಿಸುವ ಹೊಣೆ ತಾಯಿಗೆ ಬಿತ್ತು. ಇಂಥ ಡಬ್ಬಿ ಕುಣಿಗಲ್ ಸಂತೆಯಲ್ಲಿ ಸಿಕ್ಕುತ್ತದೆಯೇ? ಬೆಳ್ಳಿ ಬಂಗಾರ ಅವರದು, ಡಬ್ಬಿಯೊಂದು ನಮಗಿರಲಿ ಎಂದುಕೊಂಡು ಆಕೆ ಒಳಗಿನದನ್ನು ಹಳೇ ಟವೆಲಿನ ಚೂರಿಗೆ ಗಂಟು ಕಟ್ಟಿ, ಗುಬ್ಬಿಯ ಕಡೆ ಕೆಲಸವಿದ್ದ ಮೈದುನನ ಕೈಗೆ ಕೊಟ್ಟಿದ್ದರು. ಅವರಿಗೆ ಬಸ್ಸು ತಪ್ಪುವ ಚಿಂತೆ, ನೀರು ಬೇಡ ಅಂದಿದ್ದು ಅದಕ್ಕೆ. ಸಾವೂ ಇಲ್ಲ, ಸೂತಕವೂ ಇಲ್ಲ.

"ಕಾಗದ ಎಲ್ಲಿ?" ಎಂದೆ ನಾನು. ಭಯ ಹೋದ ಜಾಗಕ್ಕೆ ಸಿಟ್ಟು ಬಂದು ಕೂತಿತ್ತು.

ಆಕೆಗೆ ಓದು ಬರುತ್ತಿರಲಿಲ್ಲ. ಅದು ಡಬ್ಬಿಯ ಜೊತೆಯದೇ ಪೇಪರು ಅಂದುಕೊಂಡು, ಕಲೆಯಾಗದಿರಲೆಂದು ತಳಕ್ಕೆ ಹಾಸಿ, ಮೇಲೆ ಮೆಣಸಿನಪುಡಿ ತುಂಬಿಟ್ಟಿದ್ದರು. ಪುಡಿಯನ್ನು ಮೊರಕ್ಕೆ ಸುರಿದರು. ಅಡುಗೆಮನೆಯೆಲ್ಲ ಘಾಟು. ಕಾಗದ ಕೊಡವಿ ಓದಲು ಹೊರಟೆ. ಸೀನು, ಕೆಮ್ಮು, ಕಣ್ಣಲ್ಲಿ ಧಾರಾಕಾರ ನೀರು. ಅಪ್ಪನಿಗೂ ಅದೇ, ಆ ತಾಯಿಗೂ ಅದೇ, ಮಂಚದ ಮೇಲಿದ್ದ ಮೇಷ್ಟ್ರಿಗೂ ಅದೇ. ಮೆಣಸಿನಪುಡಿಯ ಪುಣ್ಯ, ಅಪ್ಪ ಎಷ್ಟು ಅತ್ತ ಎಂದು ಯಾರಿಗೂ ಲೆಕ್ಕ ಸಿಗಲಿಲ್ಲ.

ಕಾಗದದಲ್ಲಿ ಇದ್ದದ್ದಿಷ್ಟು. ಮುಳುಗುವಾಗ ಸೊಂಟಕ್ಕೆ ಸೀಸದ ತೂಕದ ಪಟ್ಟಿ ಕಟ್ಟುತ್ತಾರೆ, ಅದು ಉಡಿದಾರವನ್ನು ಒತ್ತಿ ಮೈ ಗಾಯವಾಗುತ್ತದೆ. ಉಪ್ಪುನೀರಿಗೆ ಬೆಳ್ಳಿ ಕಪ್ಪಾಗುತ್ತಿದೆ. ಮರೆತು ವಾಚು ಕಟ್ಟಿಕೊಂಡೇ ಇಳಿದು ಅದರೊಳಗೆ ನೀರು ಹೋಗಿದೆ, ಅದು ತಯಾರಾದ ಊರಿನಲ್ಲೇ ರಿಪೇರಿ ಮಾಡಿಸು. ಡಬ್ಬಿ ಅವ್ವನಿಗೆ ಉಪ್ಪಿನಕಾಯಿಗೆ ಆಗುತ್ತದೆ. ಆಡ್ಡುವಿನ ಮುಳುಗಿದ ಹಡಗು ನೋಡಿ ಬಂದೆ. ಒಳಗೆ ಹೋಗಲು ಎಲ್ಲರೂ ಕರೆದರು. ಕತ್ತಲಲ್ಲಿ ತಲೆ ಹಾಕಬೇಡ ಎಂದು ಅಪ್ಪ ಹೇಳುತ್ತಿದ್ದದ್ದು ನೆನಪಾಗಿ ಹೊರಗೇ ಸುತ್ತಿ ಬಂದೆ ಎಂದು ಹೇಳು.

ಆ ಕೊನೆಯ ಸಾಲನ್ನು ಅಪ್ಪ ಮೂರು ಸಲ ಓದಿಸಿದ.

ಆ ತಾಯಿ ನಮ್ಮನ್ನು ಊಟ ಮಾಡದೆ ಬಿಡಲಿಲ್ಲ. ಮುದ್ದೆ, ಅವರೆಕಾಳಿನ ಸಾರು. ಮನೆಯಲ್ಲಿ ಮಗನಿಗೆ ಪಥ್ಯ, ಹಾಗಾಗಿ ಎಲ್ಲರ ಪಾಲಿನ ಖಾರವೂ ನಮ್ಮ ಸಾರಿಗೇ ಬಿದ್ದಂತಿತ್ತು. ಅಪ್ಪ ಎರಡು ಮುದ್ದೆ ಇಳಿಸಿ ಇನ್ನರ್ಧ ಹಾಕಿಸಿಕೊಂಡ. ಏನಾಯಿತೆಂದು ಹೇಳಿದ ಮೇಲೆ ಆಕೆ ಕೆನ್ನೆ ಬಡಿದುಕೊಂಡು, ತೊಳೆದ ಡಬ್ಬಿಯನ್ನು ತಂದು ಮುಂದಿಟ್ಟರು. ನನಗೆ ಎರಡು ಮಾತು ಅನ್ನಬೇಕೆಂದು ನಾಲಿಗೆ ತುದಿಗೆ ಬಂದಿತ್ತು. ಅಪ್ಪ ನನ್ನನ್ನು ನೋಡಿ, ಡಬ್ಬಿಯನ್ನು ಆಕೆಯ ಕಡೆಗೇ ತಳ್ಳಿದ. ನೀರು ಕೊಟ್ಟ ಮನೆ, ಇರಲಿ ಬಿಡಿ ಎಂದ.

ಐದು ಗಂಟೆಗೆ ತುಮಕೂರಿಗೆ ಬಂದು ನಾವು ರೂಮಿನಲ್ಲಿ ಕೂರುವುದಕ್ಕೂ ಅವ್ವ ಬೆಟ್ಟದಿಂದ ಇಳಿದು ಬರುವುದಕ್ಕೂ ಸರಿಹೋಯಿತು. ಗಂಡನನ್ನು ಕಂಡು ಗಾಬರಿಯಾದಳು. ಹಲ್ಲುನೋವು, ಡಾಕ್ಟರಿಗೆ ತೋರಿಸಲು ಬಂದೆ ಎಂದ ಅಪ್ಪ. ಹಲ್ಲುನೋವಿನವನು ಎಲೆಯಲ್ಲಿ ಒಂದು ಅಗುಳೂ ಬಿಡದೆ ಪುಳಿಯೋಗರೆ ತಿಂದದ್ದನ್ನು ಅವ್ವ ನೋಡುತ್ತಲೇ ಇದ್ದಳು.

ಸೋಮವಾರ ಮಾಲೆಗೆ ಲೈನು ಸಿಕ್ಕಿತು. ಅಲ್ಲಿನ ಶಿಕ್ಷಣ ಇಲಾಖೆಯವರು ರೇಡಿಯೋ ಸೆಟ್ಟಿನಲ್ಲಿ ದ್ವೀಪವನ್ನು ವಿಚಾರಿಸಿ, ಅರ್ಧ ಗಂಟೆಯ ಮೇಲೆ ಹೇಳಿದರು: ಮೇಷ್ಟ್ರು ಕ್ಲಾಸಿನಲ್ಲಿದ್ದಾರೆ, ಸೆಟ್ಟಿನ ಹತ್ತಿರ ಕರೆಸಬೇಕೇ? ಬೇಡ, ಪಾಠ ಮಾಡಲಿ ಎಂದೆ. ಹೆಡ್‌ಫೋನು ತೆಗೆದಿಟ್ಟು ಹೊರಗೆ ಹೋಗಿ, ಎಕ್ಸ್‌ಚೇಂಜಿನ ಮುಂದಿನ ಹೊಂಗೆಮರದ ಕೆಳಗೆ ನಿಂತು ಒಂದು ಕಾಫಿ ಕುಡಿದೆ. ಅಷ್ಟು ಹಗುರಾದ ದಿನ ನನ್ನ ಜೀವನದಲ್ಲಿ ಹೆಚ್ಚಿಲ್ಲ.

ಗಂಟು ನನ್ನ ಬಳಿಯೇ ಉಳಿಯಿತು. ನಾನು ಬಿಚ್ಚಿದ್ದನ್ನು ಅಪ್ಪ ತನ್ನ ಟವೆಲಿನಲ್ಲಿ ಹೊಸದಾಗಿ ಕಟ್ಟಿ ನನ್ನ ಕೈಗಿಟ್ಟಿದ್ದ. ವಾಚು ರಿಪೇರಿಗೆ ಕೊಡುತ್ತೇನೆ ಎಂದರೆ ಒಪ್ಪಲಿಲ್ಲ. ಅವನೇ ಬಂದು ಈಸಿಕೊಳ್ಳುವ ತನಕ ಬಿಚ್ಚಕೂಡದು ಎಂದ. ತಮ್ಮ ಕಾಗದದ ಮೇಲೆ ಕಾಗದ ಬರೆದ, ವಾಚು ಏನಾಯಿತು, ವಾಚು ಏನಾಯಿತು ಎಂದು. ನಾನು ಉತ್ತರವಾಗಿ ನಾಲ್ಕು ಪುಟ ಬೈದು ಬರೆದೆ, ವಾಚಿನ ಸುದ್ದಿ ಎತ್ತಲಿಲ್ಲ. ಟವೆಲಿನ ಗಂಟು ಎಂದು ಓದಿದ ಮೇಲೆ ಅವನಿಗೇ ಎಲ್ಲ ಹೊಳೆದಿರಬೇಕು. ಮುಂದಿನ ಕಾಗದದಲ್ಲಿ ಯಾವ ಜಾಗದ ವರ್ಣನೆಯೂ ಇರಲಿಲ್ಲ. ತಪ್ಪಾಯಿತು ಅಕ್ಕ ಎಂದು ಒಂದೇ ಸಾಲು.

ಎಂಟು ತಿಂಗಳ ಮೇಲೆ ರಜೆಯಲ್ಲಿ ಬಂದ. ಬಿಸಿಲಿಗೆ ಕರಿ ಹೊಡೆದು, ಕೂದಲು ಕೆಂಚಾಗಿ. ಅವ್ವನಿಗೆ ಆಗ ಎಲ್ಲ ಹೇಳಿ ಮುಗಿಸಿದೆವು. ಅವಳು ಉದ್ದಕ್ಕೂ ಕೇಳಿ, ಮಗನ ತಲೆ ಸವರಿ, ಆಮೇಲೆ ಅಪ್ಪನ ಕಡೆ ತಿರುಗಿ, "ಡಬ್ಬಿ ಅಲ್ಲೇ ಬುಟ್ಟು ಬಂದ್ರಾ?" ಎಂದಳು. ಆ ಡಬ್ಬಿಯ ಕೊರಗು ಅವಳಿಗೆ ಕೊನೆಯವರೆಗೂ ಇತ್ತು.

ಬಂದ ಮಾರನೇ ಬೆಳಿಗ್ಗೆ ಅಪ್ಪ ಇಬ್ಬರನ್ನೂ ಕೆರೆಗೆ ಕರೆದುಕೊಂಡು ಹೋದ. ಕೆರೆ ಮುಕ್ಕಾಲು ತುಂಬಿತ್ತು. ತೂಬಿನ ತಂಟೆಗೆ ಹೋಗಬೇಡ, ಒಂದು ಮುಳುಗು ಹಾಕಿ ಬಾ ಎಂದ. ಅಷ್ಟಕ್ಕೂ ಮಗನ ಸೊಂಟಕ್ಕೆ ಹಗ್ಗ ಕಟ್ಟಿ, ಇನ್ನೊಂದು ತುದಿಯನ್ನು ತನ್ನ ಮುಂಗೈಗೆ ಸುತ್ತಿಕೊಂಡು ದಡದ ಕಲ್ಲಿನ ಮೇಲೆ ಕೂತ. ನಾನು ಗಂಟು ಹಿಡಿದು ಏರಿಯ ಮೇಲೆ, ಹಳೇ ಜಾಗದಲ್ಲೇ ನಿಂತೆ. ತಮ್ಮ ಮುಳುಗಿದ. ಎಷ್ಟೊಂದು ಸಮುದ್ರ ನೋಡಿ ಬಂದವನು, ನಮ್ಮ ಕೆರೆಯಲ್ಲಿ ಎಷ್ಟು ಹೊತ್ತು ಇರುತ್ತಾನೆಂದು ನೋಡೋಣ ಎಂದುಕೊಂಡೆ. ಎಣಿಸಬಾರದು ಎಂದುಕೊಂಡೆ, ಆದರೂ ಎಣಿಸಿದೆ. ಗುಳ್ಳೆಗಳು ಎದ್ದವು.

ಅವನು ಮೇಲೆ ಬಂದು ಏರಿ ಹತ್ತಿದ. ಮೈಯೆಲ್ಲ ಕೆಸರು, ಹಲ್ಲು ಮಾತ್ರ ಬೆಳ್ಳಗೆ. ಒದ್ದೆ ಕೈ ಚಾಚಿ "ಕೊಡಕ್ಕಾ" ಎಂದ.

ಮೊದಲು ಆ ಕೈಯ ಮೇಲೆ ಬಲವಾಗಿ ಒಂದು ಏಟು ಕೊಟ್ಟೆ. ಆಮೇಲೆ ಗಂಟು ಕೊಟ್ಟೆ. ಕೆಳಗೆ ಅಪ್ಪ ಹಗ್ಗವನ್ನು ಸುತ್ತಿಕೊಳ್ಳತೊಡಗಿದ.